ಪರದೇಶದ ಗೋಡೆಗೆ ಹಸೆಯ ಕೆಮ್ಮಣ್ಣು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ನಮ್ಮಜ್ಜಿ ಮದುವೆ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದರು. ನಾನು ಮೈಸೂರಿನಲ್ಲಿ ಚಿತ್ರಕಲೆ ಕಲಿತೆ. ಪತಿಯ ಉದ್ಯೋಗದ ಕಾರಣ ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದೇವೆ. ನನ್ನದು ಅವಲಂಬಿತರ ಎಚ್-4 ವೀಸಾ. ನಮ್ಮ ಬೀದಿಯಲ್ಲಿ ನೆರೆಹೊರೆಯವರು ಸೇರಿ ತರಕಾರಿ ಬೆಳೆಯುವ ಸಮುದಾಯ ತೋಟವೊಂದಿದೆ. ಅದಕ್ಕೆ ಹೊಂದಿಕೊಂಡಿರುವ ಮೂರಂತಸ್ತಿನ ಹಳೆಯ ಗೋಡೆಯ ಮೇಲೆ ಪರಿಸರದ ಕುರಿತು ದೊಡ್ಡದೊಂದು ಚಿತ್ರ ಬರೆದುಕೊಡುವಂತೆ ತೋಟದವರು ಕೇಳಿದ್ದಾರೆ. ಶರಾವತಿ ಕಣಿವೆಯ ಕಾಡನ್ನೂ ಸಿಂಗಳೀಕಗಳನ್ನೂ ಚಿತ್ತಾರದ ಶೈಲಿಯಲ್ಲಿ ಬರೆಯಬೇಕೆಂಬ ಆಸೆ ನನಗಿದೆ. ಇದಕ್ಕೆ ಯಾರ ಅನುಮತಿ ಬೇಕು? ಸಂಭಾವನೆ ಪಡೆಯಬಹುದೇ? ಯಾವ ಬಣ್ಣ ಬಳಸಬೇಕು? ಗಾಳಿಯನ್ನು ಶುದ್ಧಮಾಡುವ ಬಣ್ಣವೂ ಇದೆಯೆಂದು ಓದಿದ್ದೇನೆ, ಅದು ನಿಜವೇ?

ಉತ್ತರ: ಬಣ್ಣದ ಪ್ರಶ್ನೆಯನ್ನು ನೀವು ಕೊನೆಗೆ ಇಟ್ಟಿದ್ದೀರಿ, ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಗೋಡೆಯ ಬುಡದಲ್ಲಿ ಜನ ತಿನ್ನುವ ತರಕಾರಿ ಬೆಳೆಯುತ್ತದೆ ಎಂಬ ಸಂಗತಿಯೊಂದೇ ಈ ಕೆಲಸದ ಇಡೀ ಕ್ರಮವನ್ನು ನಿರ್ಧರಿಸುತ್ತದೆ.

ಅಮೆರಿಕದಲ್ಲಿ ವಾಸದ ಮನೆಗಳಿಗೆ ಸೀಸ ಬೆರೆತ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಫಿಲಡೆಲ್ಫಿಯಾದ ಸಾಲುಮನೆಗಳಲ್ಲಿ ಬಹುಪಾಲು ಅದಕ್ಕಿಂತ ಬಹಳ ಹಿಂದೆ ಕಟ್ಟಿದವು. ನಿಮ್ಮ ಗೋಡೆಯ ಮೇಲೆ ಎಲ್ಲಿಯಾದರೂ ಹಳೆಯ ಬಣ್ಣದ ಪದರ ಉಳಿದಿದ್ದರೆ, ಕಿಟಕಿಯ ಚೌಕಟ್ಟಿನ ಸುತ್ತ ಒಂದು ಗೇಣಿನಷ್ಟೇ ಇದ್ದರೂ, ಅದರಲ್ಲಿ ಸೀಸವಿದೆಯೆಂದೇ ಭಾವಿಸಿ ಮುಂದುವರಿಯಬೇಕು. ಚಿತ್ರಕ್ಕೆ ಗೋಡೆಯನ್ನು ಹದಗೊಳಿಸುವಾಗ ಎಲ್ಲರೂ ಮೊದಲು ಮಾಡುವುದು ಕೆರೆಯುವುದು, ಉಜ್ಜುವುದು, ಪ್ರೆಷರ್ ಪಂಪಿನಿಂದ ನೀರು ಹೊಡೆಯುವುದು. ಇಲ್ಲಿ ಹಾಗೆ ಮಾಡಿದರೆ ಕೆರೆದ ಪುಡಿ ಟೊಮೆಟೊ ಪಾತಿಗೆ ಬಿದ್ದು ಮಣ್ಣಿನಲ್ಲೇ ನೆಲೆಸುತ್ತದೆ. ಸೀಸ ಕೊಳೆಯುವ ವಸ್ತುವಲ್ಲ. ಆ ಪಾತಿಯಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಅವರ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಆದ್ದರಿಂದ ಕೈಗೆ ಬ್ರಷ್ ತೆಗೆದುಕೊಳ್ಳುವ ಮೊದಲು ಬಣ್ಣದ ಚಕ್ಕೆಯೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿ. ಗೋಡೆಯ ಬುಡದ ಮಣ್ಣನ್ನೂ ಅದರೊಂದಿಗೆ ಕೊಡಿ, ಏಕೆಂದರೆ ಆ ನಗರದ ಹಳೆಯ ಕೈಗಾರಿಕಾ ಬಡಾವಣೆಗಳ ಮಣ್ಣಿನಲ್ಲಿ ಮೊದಲೇ ಸೀಸ ಇರುವುದುಂಟು. ಸೀಸ ಕಂಡುಬಂದರೆ ಆ ಭಾಗದ ಕೆಲಸವನ್ನು ಪ್ರಮಾಣಪತ್ರ ಪಡೆದ ಗುತ್ತಿಗೆದಾರರಿಗೆ ಬಿಟ್ಟುಬಿಡಿ. ಕಂಡುಬರದಿದ್ದರೂ ಒಣಗೋಡೆಯನ್ನು ಕೆರೆಯಬೇಡಿ; ನೀರು ಚಿಮುಕಿಸಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬೆಳೆ ಇಲ್ಲದ ತಿಂಗಳುಗಳಲ್ಲಿ ಕೆರೆಯಿರಿ. ಪರಿಸರದ ಹೆಸರಿನ ಚಿತ್ರವೊಂದು ತನ್ನ ಬುಡದ ಮಣ್ಣನ್ನೇ ಕೆಡಿಸಿದರೆ ಅದರಷ್ಟು ನೋವಿನ ಸಂಗತಿ ಬೇರೊಂದಿಲ್ಲ.

ಇನ್ನು ಗೋಡೆ. ಸಾಲುಮನೆಗಳ ನಡುವಿನ ಒಂದು ಮನೆಯನ್ನು ಕೆಡವಿದಾಗ, ಅಷ್ಟು ಕಾಲ ಎರಡು ಮನೆಗಳ ನಡುವೆ ಅಡಗಿದ್ದ ಹಂಚಿಕೆಯ ಗೋಡೆ ಬಯಲಿಗೆ ಬೀಳುತ್ತದೆ. ಫಿಲಡೆಲ್ಫಿಯಾದಲ್ಲಿ ಭಿತ್ತಿಚಿತ್ರಗಳು ಇಷ್ಟೊಂದು ಬೆಳೆದದ್ದಕ್ಕೆ ಇಂಥ ಬೋಳು ಗೋಡೆಗಳೂ ಒಂದು ಕಾರಣ. ನಿಮ್ಮ ತೋಟವೂ ಬಹುಶಃ ಹಾಗೆ ಖಾಲಿಯಾದ ನಿವೇಶನದಲ್ಲೇ ಎದ್ದಿರಬೇಕು. ಹಂಚಿಕೆಯ ಗೋಡೆಗೆ ಮಳೆಗಾಳಿ ತಾಗುವುದಿಲ್ಲವೆಂಬ ಲೆಕ್ಕದಲ್ಲಿ ಅದಕ್ಕೆ ಸರಿಯಾಗಿ ಬೇಯದ, ಮೆತ್ತನೆಯ ಇಟ್ಟಿಗೆಯನ್ನು ಬಳಸುತ್ತಿದ್ದರು. ಸಂದುಗಳಿಗೆ ಸುಣ್ಣದ ಗಾರೆ. ಇಂಥ ಇಟ್ಟಿಗೆ ನೀರನ್ನು ಹೀರುತ್ತದೆ, ಹೀರಿದ್ದನ್ನು ಬಿಸಿಲಿನಲ್ಲಿ ಹೊರಬಿಡುತ್ತದೆ. ಅದರ ಮೇಲೆ ಅಕ್ರಿಲಿಕ್ ಬಣ್ಣದ ದಪ್ಪ ಪದರ ಬಂದರೆ ಒಳಗಿನ ತೇವ ಹೊರಬರಲಾರದೆ ಅಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಕಳಚಿ ಬೀಳುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆ ಎಷ್ಟೇ ಹೊಡೆದರೂ ನೀರು ಗೋಡೆಯೊಳಗೆ ಮಂಜುಗಡ್ಡೆಯಾಗುವುದಿಲ್ಲವಾದ್ದರಿಂದ, ಅಲ್ಲಿ ಕಲಿತು ಬಂದವರಿಗೆ ಈ ಅಪಾಯ ತಟ್ಟನೆ ಹೊಳೆಯುವುದಿಲ್ಲ.

ಎರಡು ಸಣ್ಣ ಪರೀಕ್ಷೆಗಳನ್ನು ನೀವೇ ಮಾಡಬಹುದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ, ಒಂದು ದಿನ ಬಿಟ್ಟು ನೋಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೊಳಗೆ ತೇವವಿದೆ. ಅದು ಎಲ್ಲಿಂದ ಬರುತ್ತಿದೆಯೆಂದು ತಿಳಿದು, ಸೂರಿನ ಮೇಲಿನ ತಗಡನ್ನೋ ಮಳೆನೀರಿನ ಕೊಳವೆಯನ್ನೋ ಸರಿಪಡಿಸುವ ತನಕ ಯಾವ ಬಣ್ಣವೂ ಅಲ್ಲಿ ನಿಲ್ಲದು. ಅನಂತರ ಗೋಡೆಗೆ ನೀರು ಚಿಮುಕಿಸಿ. ತಕ್ಷಣ ಹೀರಿಕೊಂಡು ಬಣ್ಣ ಕಪ್ಪಾದರೆ ಗೋಡೆ ಬರಿಮೈಯಲ್ಲಿದೆ. ನೀರು ಮಣಿಗಳಾಗಿ ಕೆಳಗೆ ಉರುಳಿದರೆ ಹಿಂದೆ ಯಾರೋ ಏನನ್ನೋ ಬಳಿದಿದ್ದಾರೆ. ಬಿಳಿ ಉಪ್ಪಿನ ಪುಡಿ ಮೂಡಿದ್ದರೆ ಅದನ್ನು ಒಣಬ್ರಷ್‌ನಿಂದ ತೆಗೆದು, ಮತ್ತೆ ಮೂಡುತ್ತದೆಯೋ ಎಂದು ಒಂದು ಮಳೆ ಕಳೆಯುವವರೆಗೆ ಕಾಯಬೇಕು.

ಗೋಡೆ ಬರಿಮೈಯಲ್ಲಿದ್ದರೆ, ಅಥವಾ ಅದಕ್ಕೆ ಬಣ್ಣ ಕಾಣದ ಗಾರೆಯ ಮೈ ಇದ್ದರೆ, ನನ್ನ ಸ್ಪಷ್ಟ ಸಲಹೆ ಸಿಲಿಕೇಟ್ ಬಣ್ಣ. ಪೊಟ್ಯಾಸಿಯಂ ಸಿಲಿಕೇಟ್ ದ್ರಾವಣದಲ್ಲಿ ಖನಿಜ ವರ್ಣದ್ರವ್ಯ ಬೆರೆಸಿದ ಈ ಬಣ್ಣವನ್ನು ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ರೂಪಿಸಿದರು. ಅದು ಗೋಡೆಯ ಮೇಲೆ ಪೊರೆಯಂತೆ ಕೂರುವುದಿಲ್ಲ. ಗಾರೆಯೊಡನೆ ರಾಸಾಯನಿಕವಾಗಿ ಬೆರೆತು ಕಲ್ಲೇ ಆಗುತ್ತದೆ, ತೇವವನ್ನು ಹೊರಹೋಗಲು ಬಿಡುತ್ತದೆ. ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪಟ್ಟಣದ ಪುರಭವನದ ಹೊರಗೋಡೆಗೆ 1891ರಲ್ಲಿ ಈ ವಿಧಾನದಲ್ಲಿ ಬರೆದ ಚಿತ್ರಗಳು ಆಲ್ಪ್ಸ್‌ನ ಹಿಮಮಳೆಗೆ ಮೈಯೊಡ್ಡಿಯೂ ಉಳಿದುಬಂದಿವೆ. ನಿಮ್ಮ ತೋಟದ ದೃಷ್ಟಿಯಿಂದ ಮತ್ತೊಂದು ಲಾಭವಿದೆ. ಅಕ್ರಿಲಿಕ್ ಎಂದರೆ ಮೂಲತಃ ಪ್ಲಾಸ್ಟಿಕ್. ಹಳೆಯದಾದಾಗ ಸಿಪ್ಪೆಯೆದ್ದು ಕೆಳಗಿನ ಮಣ್ಣಿಗೆ ಉದುರುತ್ತದೆ. ಸಿಲಿಕೇಟ್ ಬಣ್ಣ ಸಿಪ್ಪೆಯೇಳುವುದಿಲ್ಲ, ಸವೆಯುವಾಗಲೂ ಖನಿಜದ ಪುಡಿಯಾಗಿಯೇ ಸವೆಯುತ್ತದೆ.

ಅದು ಬೇಡುವ ಶಿಸ್ತೂ ಹೆಚ್ಚು. ಬಳಿದದ್ದನ್ನು ಒರೆಸಿ ತಿದ್ದಲಾಗದು; ಕ್ಷಾರ ಗುಣದ್ದಾದ್ದರಿಂದ ಕಣ್ಣಿಗೆ ಕನ್ನಡಕ ಬೇಕೇಬೇಕು; ಕಿಟಕಿಯ ಗಾಜಿಗೆ ಸಿಡಿದರೆ ಕಲೆ ಶಾಶ್ವತ. ಕ್ಷಾರವನ್ನು ತಾಳಿಕೊಳ್ಳುವ ಖನಿಜ ವರ್ಣಗಳು ಮಾತ್ರ ಇದಕ್ಕೆ ಒಗ್ಗುತ್ತವೆ. ಹೊಳೆಯುವ ಗುಲಾಬಿ, ಕಡುನೇರಳೆಗಳಂಥ ಸಾವಯವ ವರ್ಣಗಳನ್ನು ಇಲ್ಲಿ ಮರೆತುಬಿಡಬೇಕು. ಬಹಳಷ್ಟು ಭಿತ್ತಿಚಿತ್ರಕಾರರಿಗೆ ಇದು ಕೊರತೆಯಾಗಿ ಕಾಣುತ್ತದೆ. ನಿಮಗೆ ಇದು ಮನೆಯ ಸಿರಿ. ಹಸೆ ಚಿತ್ತಾರದ ಬಣ್ಣಗಳು ಯಾವುವು? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್; ಬಿಸಿಲಿಗೆ ಮಾಸದಿರುವ ವರ್ಣಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನ, ಬೆಲೆಯೂ ಕಡಿಮೆ. ಅಕ್ಕಿಹಿಟ್ಟಿನ ಬಿಳಿ ಮಳೆಗೆ ನಿಲ್ಲದು, ಗುರಿಗೆಯ ಹಳದಿ ಬಿಸಿಲಿಗೆ ನಿಲ್ಲದು. ಅವುಗಳ ಜಾಗಕ್ಕೆ ಟೈಟೇನಿಯಂನ ಬಿಳಿಯನ್ನೂ ಹಳದಿ ಕಾವಿಯನ್ನೂ ತನ್ನಿ. ಕಪ್ಪಿಗೆ ಕಬ್ಬಿಣದ ಆಕ್ಸೈಡಿನದೇ ಕಪ್ಪು. ಈ ನಾಲ್ಕೂ ಸಿಲಿಕೇಟ್‌ಗೆ ಹೇಳಿಮಾಡಿಸಿದಂಥವು. ನಿಮ್ಮಜ್ಜಿ ಬಳಸಿದ ಬಣ್ಣಗಳ ನೋಟವನ್ನು ಒಂದಿಷ್ಟೂ ಕೆಡಿಸದೆ, ಆ ನಗರದ ಹವೆಗೆ ಒಗ್ಗುವ ಅತ್ಯಂತ ಬಾಳಿಕೆಯ ಚಿತ್ರವನ್ನು ನೀವು ಬರೆಯಬಹುದು. ಪುಂಡಿನಾರಿನ ಕುಂಚದಿಂದ ಎಳೆಯುವ ಸಣ್ಣ ಎಳೆ ಮಾತ್ರ ಮೂರಂತಸ್ತಿನ ಎತ್ತರಕ್ಕೆ ಕಾಣುವುದಿಲ್ಲ. ಬೀದಿಯ ಆಚೆ ಬದಿಯಿಂದ ಓದಲು ಸಿಗಬೇಕಾದರೆ ಎಳೆ ಕನಿಷ್ಠ ಎರಡು ಬೆರಳಗಲ ಇರಬೇಕೆಂದು ನನ್ನ ಅಂದಾಜು, ಮೇಲಕ್ಕೆ ಹೋದಂತೆ ಇನ್ನೂ ದಪ್ಪ.

ಗೋಡೆಗೆ ಈಗಾಗಲೇ ಬಣ್ಣ ಬಳಿದಿದ್ದರೆ ಸಿಲಿಕೇಟ್ ಹಿಡಿಯುವುದಿಲ್ಲ. ಆಗ ನಿಮ್ಮ ನಗರದಲ್ಲೇ ಪಳಗಿರುವ ಬಟ್ಟೆಯ ವಿಧಾನವನ್ನು ಅನುಸರಿಸಬಹುದು. ಅಲ್ಲಿಯ ಮ್ಯೂರಲ್ ಆರ್ಟ್ಸ್ ಸಂಸ್ಥೆಯ ಮೂಲ, 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಅವರ ಕಾಲದಲ್ಲಿ ಗೋಡೆಗೀಚಿನ ವಿರುದ್ಧ ಆರಂಭವಾದ ಕಾರ್ಯಕ್ರಮ. ಜೇನ್ ಗೋಲ್ಡನ್ ಎಂಬ ಕಲಾವಿದೆ ಗೀಚುತ್ತಿದ್ದ ಹುಡುಗರ ಕೈಗೇ ಬ್ರಷ್ ಕೊಟ್ಟು ಅದನ್ನು ಭಿತ್ತಿಚಿತ್ರಗಳ ಚಳವಳಿಯನ್ನಾಗಿ ತಿರುಗಿಸಿದರು. ಅವರ ಕ್ರಮ ಹೀಗಿದೆ. ನೇಯ್ಗೆಯಿಲ್ಲದ ತೆಳುವಾದ ಪಾಲಿಯೆಸ್ಟರ್ ಬಟ್ಟೆಯನ್ನು ಐದಡಿ ಚೌಕದ ತುಂಡುಗಳಾಗಿ ಕತ್ತರಿಸಿ, ಅವುಗಳ ಮೇಲೆ ಚಿತ್ರದ ರೇಖೆಗಳನ್ನು ಇಳಿಸಿ, ಪ್ರತಿಯೊಂದು ಕೋಶಕ್ಕೂ ಬಣ್ಣದ ಸಂಖ್ಯೆ ಬರೆಯುತ್ತಾರೆ. ಶಾಲೆಯಲ್ಲೋ ಸಭಾಭವನದಲ್ಲೋ ಮೇಜುಗಳ ಮೇಲೆ ಹಾಸಿದ ಆ ತುಂಡುಗಳಿಗೆ ನೆರೆಯವರೆಲ್ಲ ಕುಳಿತು ಬಣ್ಣ ತುಂಬುತ್ತಾರೆ; ಕಲಾವಿದರು ಆಮೇಲೆ ಅದನ್ನು ತಿದ್ದುತ್ತಾರೆ. ಅನಂತರ ಗೋಡೆಗೂ ಬಟ್ಟೆಯ ಬೆನ್ನಿಗೂ ಅಕ್ರಿಲಿಕ್ ಜೆಲ್ ಹಚ್ಚಿ, ನಡುವಿನಿಂದ ಅಂಚಿಗೆ ಒತ್ತುತ್ತ ಗಾಳಿಯ ಗುಳ್ಳೆಯನ್ನೆಲ್ಲ ಹೊರದೂಡಿ ಅಂಟಿಸುತ್ತಾರೆ. ಒಂದೇ ಒಂದು ಗುಳ್ಳೆ ಉಳಿದರೂ ಮುಂದಿನ ಚಳಿಗಾಲದಲ್ಲಿ ಅಲ್ಲಿಂದಲೇ ಬಟ್ಟೆ ಏಳತೊಡಗುತ್ತದೆ. ಅಂಟಿಸುವ ದಿನ ಗಾಳಿಯಷ್ಟೇ ಅಲ್ಲ, ಗೋಡೆಯ ಮೈಯೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಚಳಿಗಾಲವಿಡೀ ಒಳಗೆ ಕುಳಿತು ಬರೆದು ವಸಂತದಲ್ಲಿ ಅಂಟಿಸಬಹುದಾದ ಈ ವಿಧಾನದಲ್ಲಿ ಎತ್ತರದ ಸಾರವೆಯ ಮೇಲಿನ ಕೆಲಸ ಕೆಲವೇ ದಿನಗಳದ್ದು. ಇದೂ ಪ್ಲಾಸ್ಟಿಕ್ಕೇ ಎಂಬುದನ್ನು ಮರೆಮಾಚಲಾರೆ. ಆದರೂ ಅಂಟಿದ ಬಟ್ಟೆ ಬರಿಯ ಬಣ್ಣದಂತೆ ಚಕ್ಕೆಯಾಗಿ ಉದುರದೆ ತುಂಡಾಗಿ ಏಳುವುದರಿಂದ ಸಕಾಲದಲ್ಲಿ ಮತ್ತೆ ಅಂಟಿಸಬಹುದು.

ಗಾಳಿಯನ್ನು ಶುದ್ಧಮಾಡುವ ಬಣ್ಣ ಇರುವುದು ನಿಜ. ಅದರಲ್ಲಿರುವ ಟೈಟೇನಿಯಂ ಡೈಆಕ್ಸೈಡಿನ ವಿಶೇಷ ರೂಪ ಬೆಳಕು ಬಿದ್ದಾಗ ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ನಿರುಪದ್ರವಿ ಲವಣಗಳಾಗಿ ಬದಲಿಸುತ್ತದೆ. ರೋಮ್ ನಗರದ ಓಸ್ಟಿಯೆನ್ಸೆ ಬಡಾವಣೆಯಲ್ಲಿ ಇಯೆನಾ ಕ್ರೂಜ್ ಎಂಬ ಕಲಾವಿದ 2018ರಲ್ಲಿ ಈ ಬಣ್ಣದಿಂದ ಬೃಹತ್ ಬಕಪಕ್ಷಿಯೊಂದನ್ನು ಬರೆದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅಳೆದ ಪರಿಣಾಮ ಗಾಳಿ ಬೀಸುವ ಬೀದಿಯಲ್ಲಿ ಅಷ್ಟೇ ಸಿಗುವುದಿಲ್ಲ. ಗೋಡೆಗೆ ತಾಗಿದ ಗಾಳಿಯ ಮೇಲಷ್ಟೇ ಅದು ಕೆಲಸ ಮಾಡುತ್ತದೆ, ಮೈಗೆ ದೂಳು ಕೂತಂತೆ ಅದೂ ಕುಗ್ಗುತ್ತದೆ. ಹಣವಿದ್ದರೆ ಬಳಸಿ, ತಪ್ಪೇನಿಲ್ಲ. ಇಷ್ಟು ಮರಗಳಿಗೆ ಸಮ ಎಂದು ಗೋಡೆಯ ಪಕ್ಕದಲ್ಲಿ ಫಲಕ ಮಾತ್ರ ಹಾಕಬೇಡಿ. ತೋಟಕ್ಕೆ ಬರುವ ಮಕ್ಕಳು ಅದನ್ನು ನಂಬುತ್ತಾರೆ.

ಈಗ ವಸ್ತುವಿನ ವಿಚಾರಕ್ಕೆ ಬರುತ್ತೇನೆ. ನನ್ನ ಮುಖ್ಯವಾದ ಮಾತು ಇರುವುದು ಇಲ್ಲೇ. ಸಿಂಗಳೀಕವನ್ನು ಬರೆಯಬೇಡಿ ಎನ್ನಲು ನನಗೆ ಅಧಿಕಾರವಿಲ್ಲ. ತವರಿನ ಕಾಡಿನ ಹಂಬಲ ಎಂಥದೆಂದು ದೂರದಲ್ಲಿ ಬದುಕುವ ನನಗೂ ಗೊತ್ತು. ಆದರೂ ಪರಿಸರದ ಚಿತ್ರ ಎಂದ ಮೇಲೆ ಅದು ಆ ಗೋಡೆಯ ಮುಂದೆ ದಿನವೂ ನಡೆಯುವವರಿಗೆ ಅವರ ನೀರು, ಅವರ ಮಣ್ಣಿನ ಬಗ್ಗೆ ಏನನ್ನಾದರೂ ಹೇಳಬೇಕು. ಎಷ್ಟೇ ಚೆನ್ನಾಗಿ ಬರೆದರೂ ಸಿಂಗಳೀಕ ಅವರ ಪಾಲಿಗೆ ದೂರದೇಶದ ಚೆಂದದ ಪ್ರಾಣಿಯಾಗಿ ಉಳಿಯುತ್ತದೆ. ಅದರ ಉಳಿವಿಗೆ ಅವರು ಮಾಡಬಹುದಾದದ್ದು ಏನೂ ಇರುವುದಿಲ್ಲ. ನ್ಯೂಯಾರ್ಕಿನ ಮೇಲ್‌ಮ್ಯಾನ್‌ಹಟನ್ನಿನಲ್ಲಿ 2014ರಿಂದ ನಡೆದಿರುವ ಆಡುಬಾನ್ ಭಿತ್ತಿಚಿತ್ರಗಳನ್ನು ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ, ನಿಮ್ಮಲ್ಲಿಂದ ರೈಲಿನಲ್ಲಿ ಹೆಚ್ಚು ದೂರವೇನಲ್ಲ. ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ತನ್ನ ಕೊನೆಯ ವರ್ಷಗಳನ್ನು ಕಳೆದ ಬಡಾವಣೆಯದು. ಹವಾಮಾನ ಬದಲಾವಣೆಯಿಂದ ಅಪಾಯಕ್ಕೆ ಸಿಲುಕಿರುವ ಉತ್ತರ ಅಮೆರಿಕದ ಹಕ್ಕಿಗಳು ಅಲ್ಲಿನ ಅಂಗಡಿಗಳ ಕದಗಳ ಮೇಲೂ ಮನೆಗಳ ಪಕ್ಕೆಗಳ ಮೇಲೂ ಕೂತಿವೆ. ಯಾವ ಹಕ್ಕಿ ಯಾಕೆ ಅಲ್ಲಿದೆಯೆಂಬುದಕ್ಕೆ ಕಾರಣವಿದೆ. ಆ ಚಿತ್ರಗಳ ಬಲವೂ ಅದೇ.

ನಿಮ್ಮ ಫಿಲಡೆಲ್ಫಿಯಾಕ್ಕೂ ಅಂಥದೊಂದು ಕಥೆಯಿದೆ. ಅದನ್ನು ಬರೆಯಲು ನಿಮ್ಮಷ್ಟು ಅರ್ಹರು ಅಲ್ಲಿ ಹೆಚ್ಚು ಮಂದಿ ಇರಲಾರರು. ಶ್ಯಾಡ್ ಎಂಬ ಮೀನು, ನಮ್ಮ ಹಿಲ್ಸಾದ ದೂರದ ಬಳಗ, ಕಡಲಿನಲ್ಲಿ ಬೆಳೆದು ಪ್ರತಿ ವಸಂತದಲ್ಲಿ ಮೊಟ್ಟೆಯಿಡಲು ಡೆಲವೇರ್ ನದಿಯನ್ನೂ ಅದರ ಉಪನದಿ ಸ್ಕೂಲ್‌ಕಿಲ್ ಅನ್ನೂ ಏರುತ್ತದೆ. ಆ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರಿಗೂ ಆಮೇಲೆ ಬಂದು ನೆಲೆಸಿದವರಿಗೂ ಅದು ವರ್ಷದ ಮೊದಲ ಹೊಟ್ಟೆತುಂಬ ಊಟ. 1820ರ ದಶಕದ ಆರಂಭದಲ್ಲಿ ನಗರಕ್ಕೆ ಕುಡಿಯುವ ನೀರೆತ್ತಲು ಫೇರ್‌ಮೌಂಟ್ ಬಳಿ ಸ್ಕೂಲ್‌ಕಿಲ್‌ಗೆ ಅಡ್ಡಗಟ್ಟೆ ಕಟ್ಟಿದರು. ಮೀನಿನ ದಾರಿ ಮುಚ್ಚಿತು. ಇತ್ತ ಡೆಲವೇರ್‌ನಲ್ಲಿ 20ನೆಯ ಶತಮಾನದ ನಡುವಿನ ಹೊತ್ತಿಗೆ ನಗರದ ಕೊಳಚೆಯಿಂದಾಗಿ ನೀರಿನಲ್ಲಿ ಉಸಿರಾಡುವಷ್ಟು ಆಮ್ಲಜನಕವೇ ಇಲ್ಲದ ಮೈಲಿಗಟ್ಟಲೆ ಪಟ್ಟಿಯೊಂದು ಉಂಟಾಗಿ, ಅದೂ ಮತ್ತೊಂದು ಗೋಡೆಯಂತೆ ಮೀನುಗಳನ್ನು ತಡೆಯಿತು. 1972ರ ಶುದ್ಧಜಲ ಕಾಯ್ದೆಯ ನಂತರ ಕೊಳಚೆ ಶುದ್ಧೀಕರಣ ಸುಧಾರಿಸಿ ಆ ಪಟ್ಟಿ ಕರಗಿತು. 1979ರಲ್ಲಿ ಫೇರ್‌ಮೌಂಟ್ ಕಟ್ಟೆಗೆ, ಮೀನುಗಳು ಹಂತಹಂತವಾಗಿ ಹತ್ತಿ ದಾಟುವ ಮೀನಿನ ಏಣಿಯೂ ಬಂತು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ನದಿಗಳ ತಳದಲ್ಲಿ ಸಿಹಿನೀರಿನ ಕಪ್ಪೆಚಿಪ್ಪಿನ ಜೀವಿಗಳಿವೆ. ಅಘನಾಶಿನಿಯ ಬಳಚನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದೊಂದು ಚಿಪ್ಪೂ ದಿನಕ್ಕೆ ಹತ್ತಾರು ಲೀಟರ್ ನೀರನ್ನು ಮೈಯೊಳಗಿಂದ ಸೋಸಿ ಬಿಡುತ್ತದೆ. ಅವುಗಳ ಮರಿಗಳಿಗೆ ಈಜಲು ಬಾರದು. ಹುಟ್ಟಿದೊಡನೆ ಮೀನಿನ ಕಿವಿರಿಗೆ ಕಚ್ಚಿಕೊಂಡು, ಕೆಲವು ವಾರ ಅಲ್ಲೇ ಬೆಳೆದು, ನದಿಯ ಮೇಲ್ಭಾಗದಲ್ಲೆಲ್ಲೋ ಉದುರಿ ತಳ ಸೇರುತ್ತವೆ. ಅಲ್‌ವೈಫ್ ಫ್ಲೋಟರ್ ಎಂಬ ಜಾತಿಯ ಚಿಪ್ಪಿನ ಮರಿಗಳನ್ನು ಹೊರುವುದು ಶ್ಯಾಡ್ ಮತ್ತು ಅದರ ಹತ್ತಿರದ ಬಂಧುಗಳು. ಆದ್ದರಿಂದ ಕಟ್ಟೆ ಕಟ್ಟಿ ಮೀನನ್ನು ತಡೆದಾಗ ಕಟ್ಟೆಯ ಮೇಲಿನ ಚಿಪ್ಪುಗಳ ಸಂತಾನವೂ ನಿಂತಿತು, ಅವು ಸೋಸುತ್ತಿದ್ದ ನೀರೂ ಕದಡಿತು. ಇದೀಗ ಅದೇ ಫೇರ್‌ಮೌಂಟಿನ ಹಳೆಯ ಜಲಾಗಾರದ ಕಟ್ಟಡದಲ್ಲಿ ಚಿಪ್ಪುಗಳ ಮರಿಕೇಂದ್ರವೊಂದು 2017ರಿಂದ ನಡೆಯುತ್ತಿದೆ. ಮೀನುಗಳ ಕಿವಿರಿನಲ್ಲಿ ಮರಿಗಳನ್ನು ಬೆಳೆಸುವ ಕೆಲಸವನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ಹಿನ್ನೀರಿನಲ್ಲಿ ಊರಿಗೆ ಊರೇ ಹೋದದ್ದನ್ನು, ದೀವರ ಸಮುದಾಯದ ಎಷ್ಟೋ ಕುಟುಂಬಗಳು ಗದ್ದೆಮನೆ ಬಿಟ್ಟು ಎದ್ದದ್ದನ್ನು ನೀವು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದಿರುತ್ತೀರಿ. ಮುಳುಗಡೆ ಎಂದರೇನೆಂದು ತಿಳಿದ ಕೈ, ಕಟ್ಟೆಯಿಂದ ದಾರಿ ತಪ್ಪಿದ ಮೀನನ್ನು ಬರೆದರೆ ಆ ರೇಖೆಯಲ್ಲಿ ಹೊರಗಿನವರ ಕನಿಕರ ಇರುವುದಿಲ್ಲ, ಬಲ್ಲವರ ನೋವು ಇರುತ್ತದೆ. ಶರಾವತಿ ನಿಮ್ಮ ಗೋಡೆಗೆ ಬರಬೇಕಾದದ್ದು ಹೀಗೆ ಎಂದು ನನಗೆ ತೋರುತ್ತದೆ. ಚೌಕದೊಳಗೆ ಚೌಕ, ಎಳೆಯ ಪಕ್ಕ ಎಳೆ ಕೂರುವ ಹಸೆಯ ವಿನ್ಯಾಸದಲ್ಲಿ ನಡುವೆ ಮದುಮಕ್ಕಳಿರುವ ಜಾಗಕ್ಕೆ ಮೀನು ಮತ್ತು ಚಿಪ್ಪು ಬರಬಹುದು. ಸುತ್ತಲಿನ ಎಳೆಗಳು ನದಿಯ ನೀರಾಗಬಹುದು. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಸುರಿ ಭೂಮಿಗೆ ಎಡೆ ಒಯ್ಯುವ ನಮ್ಮ ಪದ್ಧತಿಯನ್ನು ತೋಟದವರಿಗೆ ಹೇಳಿದರೆ, ತರಕಾರಿ ಬೆಳೆಯುವ ಆ ಜನ ಅದನ್ನು ತಕ್ಷಣ ಅರಿತುಕೊಳ್ಳುತ್ತಾರೆ. ಗೋಡೆಯ ಕೆಳಸಾಲಿನಲ್ಲಿ ಬುಟ್ಟಿಗಳಿಗೆ ಜಾಗ ಕೊಡಿ. ಚಿತ್ತಾರ ದೀವರ ಹೆಂಗಸರ ಪರಂಪರೆಯೆಂಬುದನ್ನು ಪಕ್ಕದ ಫಲಕದಲ್ಲಿ ಬರೆಯಿರಿ, ನಿಮ್ಮ ಹೆಸರಿನೊಂದಿಗೆ ಅಜ್ಜಿಯ ಹೆಸರನ್ನೂ ಹಾಕಿ. ಅಂದ ಹಾಗೆ, ನಿಮ್ಮ ತೋಟದ ಕೆಳಗೇ ಒಂದು ಹಳ್ಳ ಹೂತುಹೋಗಿರಬಹುದು. ಪಶ್ಚಿಮ ಫಿಲಡೆಲ್ಫಿಯಾದ ಮಿಲ್ ಕ್ರೀಕ್ ಹಳ್ಳವನ್ನು 19ನೆಯ ಶತಮಾನದಲ್ಲಿ ಇಟ್ಟಿಗೆಯ ಕೊಳವೆಯೊಳಗೆ ಹರಿಸಿ, ಮೇಲೆ ಮಣ್ಣು ತುಂಬಿ ಮನೆ ಕಟ್ಟಿದರು. ಕೊಳವೆ ಕುಸಿದಾಗ ಮನೆಗಳೂ ಕುಸಿದವು. ನಗರದ ಹಳೆಯ ನಕ್ಷೆಗಳನ್ನು ತೋಟದವರ ಮುಂದೆ ಹರಡಿ ಕೇಳಿ; ಅಲ್ಲಿನ ಮುದುಕರಿಗೆ ಯಾವ ಬೀದಿಯ ನೆಲಮಾಳಿಗೆಗೆ ಯಾಕೆ ನೀರು ಬರುತ್ತದೆಂದು ಗೊತ್ತಿರುತ್ತದೆ.

ಇಂಥ ಮಾತುಕತೆಗಳಿಲ್ಲದೆ ಆರಂಭಿಸಿದ ಭಿತ್ತಿಚಿತ್ರ ಪರದೇಶದಲ್ಲಿ ಬೇಗ ಅನಾಥವಾಗುತ್ತದೆ. 1932ರಲ್ಲಿ ಮೆಕ್ಸಿಕೋದ ಡೇವಿಡ್ ಅಲ್ಫಾರೋ ಸಿಕೇರೋಸ್ ಲಾಸ್ ಏಂಜಲೀಸಿನಲ್ಲಿ ಬರೆದ ಚಿತ್ರವನ್ನು ನೆನೆಯಿರಿ. ಬರೆಯಿಸಿದವರು ನಿರೀಕ್ಷಿಸಿದ್ದು ಹಣ್ಣುಹಂಪಲಿನ ಉಷ್ಣವಲಯ. ಸಿಕೇರೋಸ್ ಬರೆದದ್ದು ಹದ್ದಿನ ಕೆಳಗೆ ಶಿಲುಬೆಗೇರಿದ ಮೂಲನಿವಾಸಿಯನ್ನು. ಕೆಲವೇ ವರ್ಷಗಳಲ್ಲಿ ಅದಕ್ಕೆ ಸುಣ್ಣ ಬಳಿಯಲಾಯಿತು, ಅವರ ವೀಸಾ ಮುಂದುವರಿಯಲಿಲ್ಲ, ದೇಶ ಬಿಡಬೇಕಾಯಿತು. ದಶಕಗಳ ಸಂರಕ್ಷಣೆಯ ಬಳಿಕ 2012ರಲ್ಲಿ ಅದನ್ನು ಮತ್ತೆ ಜನರಿಗೆ ತೆರೆದಾಗ ರೂಪ ಉಳಿದಿತ್ತು, ಬಣ್ಣ ಉಳಿದಿರಲಿಲ್ಲ. ಸಿಕೇರೋಸ್ ಬರೆದದ್ದು ಸತ್ಯವನ್ನೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸುಣ್ಣದ ಬಕೆಟ್ ಬಂದಾಗ ಗೋಡೆಗೆ ಅಡ್ಡ ನಿಲ್ಲುವಷ್ಟು ಬಲವುಳ್ಳವರು ಯಾರೂ ಇರಲಿಲ್ಲ. ನಿಮ್ಮಲ್ಲಿ ನಿಲ್ಲುವವರು ತೋಟದವರು. ಆದ್ದರಿಂದ ಕರಡು ಚಿತ್ರವನ್ನು ಅವರ ಮುಂದಿಟ್ಟು, ಬೇಡವೆಂದದ್ದನ್ನು ಕೇಳಿಸಿಕೊಂಡು, ಬದಲಿಸಿ, ಮತ್ತೆ ತೋರಿಸಿ.

ಸಂಭಾವನೆಯ ಪ್ರಶ್ನೆ ಸೂಕ್ಷ್ಮವಾದದ್ದು. ಎಚ್-4 ವೀಸಾದಲ್ಲಿರುವವರು ಪ್ರತ್ಯೇಕ ಉದ್ಯೋಗ ಅನುಮತಿ ಪತ್ರವಿಲ್ಲದೆ ದುಡಿಯುವಂತಿಲ್ಲ. ಪತಿಯ ಕಾಯಂ ವಾಸದ ಅರ್ಜಿ ನಿಗದಿತ ಹಂತವನ್ನು ದಾಟಿದ್ದರೆ 2015ರ ನಿಯಮದಂತೆ ನೀವು ಆ ಪತ್ರಕ್ಕೆ ಅರ್ಜಿ ಹಾಕಬಹುದು. ಅದು ಕೈಗೆ ಬಂದರೆ ಸ್ವತಂತ್ರ ಕಲಾವಿದೆಯಾಗಿ ಕರಾರು ಮಾಡಿಕೊಳ್ಳಲು ಅಡ್ಡಿಯಿಲ್ಲ. ಅದಿಲ್ಲದಿದ್ದರೆ ಹಣ ಮುಟ್ಟಬೇಡಿ. ನಮ್ಮವರಲ್ಲಿ ಒಂದು ತಪ್ಪು ನಂಬಿಕೆ ಹರಡಿದೆ: ಸಂಭಾವನೆಯನ್ನು ಊರಿನ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ತೊಂದರೆಯಿಲ್ಲವೆಂದು. ಕೆಲಸ ಅಮೆರಿಕದ ನೆಲದಲ್ಲಿ ನಡೆದರೆ ಹಣ ಎಲ್ಲಿ ಬಿದ್ದರೂ ಅದು ಅಲ್ಲಿನ ದುಡಿಮೆಯೇ. ಲಾಭದ ಉದ್ದೇಶವಿಲ್ಲದ ಸಂಘಕ್ಕೆ ನಿಜವಾದ ಸ್ವಯಂಸೇವೆಯಾಗಿ ಮಾಡಬಹುದು; ಆಗಲೂ ಬಣ್ಣ, ಸಾರವೆ, ವಿಮೆಯ ಖರ್ಚನ್ನು ತೋಟದ ಸಂಘವೇ ಅಂಗಡಿಗೆ ನೇರವಾಗಿ ಕೊಡಲಿ, ನಿಮ್ಮ ಕೈ ಮೂಲಕ ಹಾಯುವುದು ಬೇಡ. ನನ್ನ ಮಾತನ್ನೇ ನೆಚ್ಚದೆ ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಾಣಿ. ಗೋಡೆಯೊಂದರ ಸಲುವಾಗಿ ಕುಟುಂಬದ ವಾಸ್ತವ್ಯಕ್ಕೆ ಕುತ್ತು ಬರಬಾರದು.

ಅನುಮತಿಯಲ್ಲಿ ಮೊದಲನೆಯದು ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ. ತೋಟದವರು ಒಪ್ಪಿದರೆ ಸಾಲದು, ಗೋಡೆ ಅವರದಲ್ಲ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ನಗರದ ಐತಿಹಾಸಿಕ ಆಯೋಗವನ್ನೂ, ನಗರಾಡಳಿತದ ಆಸ್ತಿಯಾದರೆ ಕಲಾ ಆಯೋಗವನ್ನೂ ಕೇಳಬೇಕು. ಪ್ರಾಯೋಜಕರ ಲಾಂಛನವನ್ನು ಚಿತ್ರದೊಳಗೆ ಸೇರಿಸಿದರೆ ಅದು ಜಾಹೀರಾತು ಫಲಕದ ನಿಯಮಕ್ಕೆ ಒಳಪಡಬಹುದು, ಬೇಡವೆನ್ನಿ. ಇದಕ್ಕಿಂತ ಮುಖ್ಯವಾಗಿ, ತೋಟವಿರುವ ನಿವೇಶನ ಯಾರ ಹೆಸರಿನಲ್ಲಿದೆಯೆಂದು ನೋಡಿ. ಆ ನಗರದಲ್ಲಿ ಖಾಲಿ ನಿವೇಶನಗಳು ಮಾರಾಟವಾಗಿ, ಹೊಸ ಕಟ್ಟಡಗಳು ಎದ್ದು, ಅವುಗಳ ಹಿಂದೆ ಎಷ್ಟೋ ಒಳ್ಳೆಯ ಭಿತ್ತಿಚಿತ್ರಗಳು ಮುಚ್ಚಿಹೋಗಿವೆ. ತೋಟಕ್ಕೆ ಭದ್ರವಾದ ಹಕ್ಕಿಲ್ಲದಿದ್ದರೆ ಗೋಡೆಗೆ ನೇರ ಬರೆಯುವ ಬದಲು, ಮುಂದೆ ಬಿಚ್ಚಿ ಒಯ್ಯಬಹುದಾದ ಫಲಕಗಳ ಮೇಲೆ ಬರೆದು ಜೋಡಿಸುವುದೇ ಜಾಣತನ.

ಕರಾರಿಗೆ ಸಹಿ ಹಾಕುವಾಗ 1990ರ ದೃಶ್ಯಕಲಾವಿದರ ಹಕ್ಕುಗಳ ಕಾಯ್ದೆಯನ್ನು ಬಿಟ್ಟುಕೊಡುವ ಸಾಲು ಅದರಲ್ಲಿದೆಯೇ ನೋಡಿ. ಚಿತ್ರವನ್ನು ವಿರೂಪಗೊಳಿಸದಂತೆ ತಡೆಯುವ, ಬಿಚ್ಚಿ ತೆಗೆಯಬಹುದಾದ ಚಿತ್ರವಾದರೆ 90 ದಿನಗಳ ನೋಟಿಸು ಪಡೆಯುವ ಹಕ್ಕನ್ನು ಅದು ಕಲಾವಿದರಿಗೆ ಕೊಡುತ್ತದೆ. ನ್ಯೂಯಾರ್ಕಿನ ಫೈವ್‌ಪಾಯಿಂಟ್ಸ್ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ಮಾಲೀಕರು ರಾತ್ರೋರಾತ್ರಿ ಬಿಳಿ ಬಳಿಸಿದ್ದಕ್ಕೆ, 2018ರಲ್ಲಿ ನ್ಯಾಯಾಲಯ ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ನಮ್ಮ ದೇಶದಲ್ಲೂ ಅಮರನಾಥ ಸೆಹಗಲ್ ಅವರ ವಿಜ್ಞಾನ ಭವನದ ಭಿತ್ತಿಶಿಲ್ಪದ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2005ರಲ್ಲಿ ಇಂಥದೇ ಹಕ್ಕನ್ನು ಎತ್ತಿಹಿಡಿದಿದೆ. ಸ್ವಯಂಸೇವೆಯಾಗಿ ಬರೆದದ್ದೆಂದು ಈ ಹಕ್ಕನ್ನು ಹಗುರವಾಗಿ ಬಿಡಬೇಡಿ. ಅದೇ ಕರಾರಿನಲ್ಲಿ ನಿರ್ವಹಣೆ ಯಾರದೆಂದೂ ಬರೆಸಿ: ವರ್ಷಕ್ಕೊಮ್ಮೆ ಗೋಡೆ ನೋಡುವವರು ಯಾರು, ಯಾರಾದರೂ ಗೀಚಿದರೆ ತೊಳೆಯುವವರು ಯಾರು, ನೀವು ಊರಿಗೆ ಮರಳಿದರೆ ತಿದ್ದುವವರು ಯಾರು.

ಕೆಲಸದ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರವೆ ಕಟ್ಟುವ ಮೊದಲು ಸೂರಿನ ಸಂದುಗಳಲ್ಲಿ ಹಕ್ಕಿಗಳು ಗೂಡು ಕಟ್ಟಿವೆಯೇ ನೋಡಿ, ಮರಿ ಹಾರುವ ತನಕ ಕಾಯಿರಿ. ಅಲ್ಲಿನ ಬಹುತೇಕ ದೇಶೀ ಹಕ್ಕಿಗಳ ವಿಷಯದಲ್ಲಿ ಕಾನೂನೂ ಅದನ್ನೇ ಹೇಳುತ್ತದೆ. ಬ್ರಷ್ ತೊಳೆದ ನೀರನ್ನು ಬೀದಿಬದಿಯ ಮಳೆನೀರಿನ ಬಾಯಿಗೆ ಸುರಿಯಬೇಡಿ, ಎಷ್ಟೋ ಕಡೆ ಅದು ನೇರವಾಗಿ ನದಿಗೆ ಹೋಗುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ಮೇಲಿನ ನೀರನ್ನು ಮನೆಯ ಸಿಂಕಿಗೂ ತಳದ ಗಸಿಯನ್ನು ಒಣಗಿಸಿ ಕಸಕ್ಕೂ ಹಾಕಿ. ಎತ್ತರದಲ್ಲಿ ಒಬ್ಬರೇ ಕೆಲಸ ಮಾಡಬೇಡಿ.

ಎಲ್ಲಕ್ಕೂ ಮೊದಲು, ಪರೀಕ್ಷೆಯಲ್ಲಿ ಸೀಸವಿಲ್ಲವೆಂದು ತಿಳಿದ ಮೇಲೆ, ಈ ಅಕ್ಟೋಬರಿನೊಳಗೆ ಗೋಡೆಯ ಮೂರು ಜಾಗಗಳಲ್ಲಿ, ಅಂದರೆ ಬುಡದಲ್ಲಿ, ಮಳೆನೀರಿನ ಕೊಳವೆಯ ಪಕ್ಕದಲ್ಲಿ ಮತ್ತು ಹೆಚ್ಚು ಬಿಸಿಲು ಬೀಳುವ ಕಡೆ, ಒಂದಡಿ ಚೌಕದಷ್ಟು ಕೆಂಪು, ಬಿಳಿ, ಹಳದಿ, ಕಪ್ಪನ್ನು ಬಳಿದು ಬಿಡಿ. ಒಂದರ ಪಕ್ಕದಲ್ಲಿ ಅಂಗೈಯಗಲದ ಬಟ್ಟೆಯನ್ನೂ ಅಂಟಿಸಿ. ಚಳಿಗಾಲ ಕಳೆದ ಮೇಲೆ ಏಪ್ರಿಲ್‌ನಲ್ಲಿ ಉಗುರಿನಿಂದ ಅಂಚುಗಳನ್ನು ಕೆರೆದು ನೋಡಿ. ಆ ಮಾದರಿಗಳ ಫೋಟೋಗಳನ್ನೂ ತೇವದ ಪರೀಕ್ಷೆಯಲ್ಲಿ ಕಂಡದ್ದನ್ನೂ ಬರೆದು ಕಳುಹಿಸಿದರೆ, ನೇರವಾಗಿ ಗೋಡೆಗೆ ಬರೆಯುವುದೋ, ಬಟ್ಟೆಯೋ, ಫಲಕವೋ ಎಂಬುದನ್ನು ಆಗ ಖಚಿತವಾಗಿ ತಿಳಿಸುತ್ತೇನೆ.